ಗರ ಹಾಕುವವರು ಯಾರು?

ಕಾಗಿಣಾ ನದಿಯ ದಂಡೆಯ ಮೇಲಿನ ಮಳಖೇಡ ಈಗ ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಒಂದು ಹಳ್ಳಿ. ಒಂದು ಕಾಲಕ್ಕೆ ಇದೇ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗ ಆಳುತ್ತಿದ್ದ ದಿನಗಳಲ್ಲಿ, ಸುಮಾರು ಕ್ರಿ.ಶ. 850ರ ಹೊತ್ತಿಗೆ, ಜೈನ ಗಣಿತಜ್ಞ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಗ್ರಂಥದ ಆರಂಭದಲ್ಲೇ ನೃಪತುಂಗನ ಸ್ತುತಿ ಇದೆ. ಈ ಗ್ರಂಥದಲ್ಲಿ ಮಹಾವೀರ ಕೇಳುವ ಲೆಕ್ಕಗಳಲ್ಲಿ ಒಂದು ಹೀಗಿದೆ: ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಆರು ರಸಗಳನ್ನು ಎಷ್ಟು ಬಗೆಯಲ್ಲಿ ಬೆರೆಸಬಹುದು? ಉತ್ತರಕ್ಕೆ ಅವನು ಕೊಟ್ಟ ಸೂತ್ರವನ್ನೇ ನಾವು ಪಿಯುಸಿಯಲ್ಲಿ ‘ವಿಕಲ್ಪ’ ಎಂಬ ಹೆಸರಿನಲ್ಲಿ ಓದುತ್ತೇವೆ.

ಇಂದು ಸೇಡಂನ ವಿದ್ಯಾರ್ಥಿನಿಯೊಬ್ಬಳು ತನ್ನ ಮೊಬೈಲಿನಲ್ಲೇ ಆನ್‌ಲೈನ್ ಚೌಕಾಬಾರ ತಯಾರಿಸಲು ಕೂತರೆ ಅವಳಿಗೆ ಮೊದಲು ಬೇಕಾಗುವುದು ಈ ಸೂತ್ರವೇ.

ಚೌಕಾಬಾರದ ನಿಯಮ ಊರಿಂದೂರಿಗೆ ಬದಲಾಗುತ್ತದೆ. ಸಾಮಾನ್ಯವಾಗಿ ಐದೈದು ಮನೆಗಳ ಪಟ, ಒಟ್ಟು 25 ಮನೆ, ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ಎಷ್ಟು ಕವಡೆ ಅಂಗಾತ ಬಿದ್ದವೋ ಅಷ್ಟು ಗರ. ನಾಲ್ಕೂ ಬೋರಲು ಬಿದ್ದರೆ ಎಂಟು. ಹಾಗಾಗಿ ಬೀಳಬಹುದಾದ ಗರ ಐದೇ: 1, 2, 3, 4, 8. ಹೊಸದಾಗಿ ಪ್ರೋಗ್ರಾಂ ಬರೆಯುವವರು ಇಲ್ಲೇ ಎಡವುವ ಸಾಧ್ಯತೆ ಹೆಚ್ಚು. ಐದು ಸಂಖ್ಯೆಗಳಲ್ಲಿ ಒಂದನ್ನು ಮನಬಂದಂತೆ ಆರಿಸು ಎಂದು ಕಂಪ್ಯೂಟರಿಗೆ ಹೇಳಿಬಿಟ್ಟರೆ ಐದು ಸಲಕ್ಕೊಮ್ಮೆ ಎಂಟು ಬೀಳುತ್ತದೆ. ಕಟ್ಟೆಯ ಮೇಲೆ ಕೂತು ಆಡಿದ ಯಾವ ಅಜ್ಜಿಯೂ ಅದನ್ನು ಚೌಕಾಬಾರ ಎಂದು ಒಪ್ಪಲಾರಳು.

ಮಹಾವೀರನ ಸೂತ್ರ ಹಾಕಿ ನೋಡಿ. ನಾಲ್ಕು ಕವಡೆಗಳಲ್ಲಿ ಎರಡು ಅಂಗಾತ ಬೀಳುವ ಬಗೆಗಳು: 4ನ್ನು 3ರಿಂದ ಗುಣಿಸಿ, 1 ಮತ್ತು 2ರ ಗುಣಲಬ್ಧದಿಂದ ಭಾಗಿಸಿದರೆ 6. ಒಂದೇ ಕವಡೆ ಅಂಗಾತ ಬೀಳಲು 4 ಬಗೆ, ಮೂರು ಬೀಳಲು 4 ಬಗೆ, ನಾಲ್ಕೂ ಅಂಗಾತ ಬೀಳಲು ಒಂದೇ ಬಗೆ, ನಾಲ್ಕೂ ಬೋರಲು ಬೀಳಲು ಒಂದೇ ಬಗೆ. ಒಟ್ಟು 16. ಅಂದರೆ ಕವಡೆ ಎರಡೂ ಕಡೆ ಸಮನಾಗಿ ಬೀಳುತ್ತದೆ ಎಂದುಕೊಂಡರೆ, ಎಂಟು ಬೀಳುವುದು 16ರಲ್ಲಿ ಒಮ್ಮೆ, ಎರಡು ಬೀಳುವುದು 16ರಲ್ಲಿ 6 ಸಲ. ನಿಜವಾದ ಕವಡೆ ಅಷ್ಟು ಸಮತೂಕದ್ದಲ್ಲ. ಅದರ ಬೆನ್ನು ಉಬ್ಬು, ಬಾಯಿ ಚಪ್ಪಟೆ. ಮನೆಯಲ್ಲಿ ಒಂದೇ ಕವಡೆಯನ್ನು ನೂರು ಸಲ ಎಸೆದು ಎಣಿಸಿ, ಬಂದ ಅನುಪಾತವನ್ನೇ ಆಟಕ್ಕೆ ತುಂಬಿದರೆ ಇನ್ನೂ ಒಳ್ಳೆಯದು. ಅದು ಅಪ್ಪಟ ಪ್ರಯೋಗ ವಿಜ್ಞಾನ, ಖರ್ಚೂ ಇಲ್ಲ.

ಇಷ್ಟನ್ನೆಲ್ಲ ಮಾಡಲು ಲ್ಯಾಪ್‌ಟಾಪ್ ಬೇಡವೇ? ಬೇಡ. ಅರ್ಜೆಂಟೀನಾದಲ್ಲಿ ಹುಟ್ಟಿ 2014ರಲ್ಲಿ ಮುಕ್ತ ತಂತ್ರಾಂಶವಾದ ‘ಗೋಡಾಟ್’ ಎಂಬ ಗೇಮ್ ಎಂಜಿನ್, 2022ರ 3.5 ಆವೃತ್ತಿಯಿಂದ ಆಂಡ್ರಾಯ್ಡ್ ಫೋನಿನಲ್ಲೇ ಎಡಿಟರ್ ಆಗಿ ತೆರೆದುಕೊಳ್ಳುತ್ತದೆ. ಕನ್ನಡಿಗರಿಗೆ ಮುಖ್ಯವಾದದ್ದು 2023ರ ಮಾರ್ಚಿನಲ್ಲಿ ಬಂದ 4ನೇ ಆವೃತ್ತಿ: ಒತ್ತಕ್ಷರಗಳು ಚೆದುರದೆ ತಮ್ಮ ಜಾಗದಲ್ಲೇ ಕೂರುವುದು ಅದರಲ್ಲಿ. ಕೋಡ್ ಟೈಪಿಸಲು ಬೇಸರವಾದವರಿಗೆ ಆಸ್ಟ್ರಿಯಾದ ಗ್ರಾತ್ಸ್ ತಾಂತ್ರಿಕ ವಿಶ್ವವಿದ್ಯಾಲಯದ ‘ಪಾಕೆಟ್ ಕೋಡ್’ ಇದೆ. ಅದರಲ್ಲಿ ತುಣುಕುಗಳನ್ನು ಬೆರಳಿನಲ್ಲಿ ಎಳೆದು ಜೋಡಿಸಿದರೆ ಸಾಕು. ಸಣ್ಣ ಪರದೆಯಲ್ಲಿ ಕಣ್ಣು ಸೋಲುತ್ತದೆ, ನಿಜ. ಆದರೆ ಮನೆಯಲ್ಲಿರುವುದು ಒಂದೇ ಫೋನ್ ಎಂಬ ಕಾರಣಕ್ಕೆ ಯಾರೂ ಹಿಂದೆ ಉಳಿಯಬೇಕಿಲ್ಲ.

ಆಟ ತಯಾರಾಯಿತು ಎನ್ನೋಣ. ಅದನ್ನು ಆನ್‌ಲೈನಿನಲ್ಲಿ ನಡೆಸುವುದು ಬೇರೆಯೇ ವಿದ್ಯೆ. ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ಕೂತ ನಾಲ್ವರ ಪರದೆಯ ಮೇಲೂ ಒಂದೇ ಪಟ ಕಾಣಬೇಕು. ಯಾರ ಕಾಯಿ ಎಲ್ಲಿದೆ ಎಂಬ ಬಗ್ಗೆ ನಾಲ್ಕು ಫೋನುಗಳು ನಾಲ್ಕು ಮಾತು ಹೇಳಿದರೆ ಯಾವುದನ್ನು ನಂಬಬೇಕು? ಆನ್‌ಲೈನ್ ಆಟಗಳ ವಿಜ್ಞಾನವೆಲ್ಲ ಈ ಪ್ರಶ್ನೆಯ ಸುತ್ತಲೇ ಇದೆ.

ಸುಲಭ ದಾರಿ ಎಂದರೆ ಒಂದು ಫೋನನ್ನೇ ಯಜಮಾನ ಮಾಡುವುದು. ‘ಮಿನಿ ಮಿಲಿಷಿಯಾ’ವನ್ನು ಹಾಟ್‌ಸ್ಪಾಟ್ ಹಾಕಿಕೊಂಡು ಆಡಿದವರಿಗೆ ಇದು ಗೊತ್ತು: ಇಂಟರ್‌ನೆಟ್ ಇಲ್ಲದೆಯೂ ಒಂದೇ ಕೋಣೆಯಲ್ಲಿದ್ದವರು ಆಡಬಹುದು. ಊರು ದಾಟಿದ ಕೂಡಲೇ ತೊಡಕು ಶುರು. ಮೊಬೈಲ್ ಕಂಪನಿಗಳು ಒಂದೇ ಐಪಿ ವಿಳಾಸದ ಹಿಂದೆ ಅನೇಕ ಗ್ರಾಹಕರನ್ನು ಕೂರಿಸುವುದರಿಂದ, ಹೊರಗಿನವರು ನಿಮ್ಮ ಫೋನನ್ನು ನೇರವಾಗಿ ಹುಡುಕಿ ಬರಲಾರರು. ನಡುವೆ ಕರೆ ಬಂದರೆ ಆಟ ಹಿನ್ನೆಲೆಗೆ ಸರಿಯುತ್ತದೆ, ಬ್ಯಾಟರಿ ಉಳಿಸಲು ಆಂಡ್ರಾಯ್ಡ್ ಅದನ್ನು ಮಲಗಿಸಿಬಿಡುತ್ತದೆ. ಕಲಬುರಗಿ ಜಿಲ್ಲೆಯ ಮೇ ತಿಂಗಳ ಬಿಸಿಲಿನಲ್ಲಿ 40 ಡಿಗ್ರಿ ದಾಟಿದಾಗ ಫೋನಿನ ಪ್ರೊಸೆಸರ್ ತಾನು ಸುಡದಿರಲು ವೇಗ ತಗ್ಗಿಸಿಕೊಳ್ಳುತ್ತದೆ. ಯಜಮಾನ ಫೋನ್ ನಿಂತರೆ ಎಲ್ಲರ ಆಟವೂ ನಿಂತಿತು.

ಹಾಗಾಗಿ ಲೆಕ್ಕವನ್ನು ದೂರದ ಸರ್ವರ್‌ನಲ್ಲಿ ಇಡುತ್ತಾರೆ. ದೂರ ಎಷ್ಟಿದ್ದರೆ ನಡೆದೀತು? ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ವಾಡಿಯಿಂದ ಹೈದರಾಬಾದಿಗೆ ನೇರ ಗೆರೆಯಲ್ಲಿ ಸುಮಾರು 160 ಕಿಲೋಮೀಟರ್. ಹೋಗಿ ಬರಲು ಬೆಳಕಿಗೆ 2 ಮಿಲಿಸೆಕೆಂಡೂ ಬೇಡ. ಸಿಂಗಪುರಕ್ಕಾದರೆ ಸುಮಾರು 34. ಅಮೆಜಾನ್ ತನ್ನ ಕ್ಲೌಡ್ ಕೇಂದ್ರವನ್ನು 2022ರ ನವೆಂಬರಿನಲ್ಲಿ ಹೈದರಾಬಾದಿನಲ್ಲೂ ತೆರೆದಿರುವುದರಿಂದ ಭೂಗೋಳ ಈ ಊರುಗಳ ಪರವಾಗಿದೆ. ಆದರೆ ಫೋನಿನಿಂದ ಟವರಿಗೆ ಹೋಗಿ ಬರಲಿಕ್ಕೇ ಹತ್ತಾರು ಮಿಲಿಸೆಕೆಂಡು ಹಿಡಿಯುತ್ತದೆ, ಕಂಪನಿಯ ಜಾಲ ಡೇಟಾವನ್ನು ಬೇರೆ ಊರು ಸುತ್ತಿಸಿ ತರುವುದೂ ಉಂಟು. ಗುಂಡು ಹಾರಿಸುವ ಆಟಕ್ಕೆ ಇದು ಪ್ರಾಣಸಂಕಟ. ಸರದಿಯಂತೆ ಆಡುವ ಚೌಕಾಬಾರಕ್ಕೆ ಲೆಕ್ಕಕ್ಕೇ ಇಲ್ಲ. ಹದಿನಾರು ಕಾಯಿಗಳ ಜಾಗ, ಯಾರ ಸರದಿ ಎಂಬ ಗುರುತು: ಇಡೀ ಆಟದ ಸ್ಥಿತಿ ಹತ್ತಾರು ಬೈಟ್‌ಗಳಲ್ಲಿ ಮುಗಿಯುತ್ತದೆ. ಚಿಂಚೋಳಿಯ ಕಾಡಿನಂಚಿನಲ್ಲಿ ಒಂದೇ ಕಡ್ಡಿ ಸಿಗ್ನಲ್ ಇದ್ದರೂ ಅದು ದಾಟೀತು. ಮೊದಲ ಆಟಕ್ಕೆ ಸರದಿ ಆಟವನ್ನೇ ಆರಿಸಿಕೊಳ್ಳಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಈಗ ನಿಜವಾದ ಪೇಚು: ಗರ ಹಾಕುವವರು ಯಾರು? ಆಟಗಾರನ ಫೋನೇ ಗರ ಹಾಕಿ ತಿಳಿಸುವಂತಿದ್ದರೆ, ಆ್ಯಪನ್ನು ತಿದ್ದಿಕೊಂಡವನಿಗೆ ಪ್ರತಿ ಸಲವೂ ಎಂಟೇ. ಗರವನ್ನು ಸರ್ವರ್ ಹಾಕಿದರೆ ಆ ಭಯವಿಲ್ಲ, ಆದರೆ ಸರ್ವರ್ ನಡೆಸುವವರನ್ನು ನಂಬಬೇಕು; ಪುಕ್ಕಟೆ ಸಿಗುವ ಹಲವು ಸೇವೆಗಳು ಬರೆದದ್ದನ್ನು ಹಿಡಿದಿಡುವ ಹಲಗೆಗಳಷ್ಟೇ, ಗರ ಹಾಕಿಕೊಡುವುದಿಲ್ಲ. ಇಬ್ಬರು ದೂರವಾಣಿಯಲ್ಲಿ ಮೋಸವಿಲ್ಲದೆ ನಾಣ್ಯ ಚಿಮ್ಮುವುದು ಹೇಗೆ ಎಂದು ಗಣಕ ವಿಜ್ಞಾನಿ ಮ್ಯಾನುಯೆಲ್ ಬ್ಲಮ್ 1981ರಲ್ಲಿ ತೋರಿಸಿಕೊಟ್ಟರು. ಅದೇ ಉಪಾಯದ ಸರಳ ರೂಪ ನಮ್ಮ ಕವಡೆಗೂ ಒಗ್ಗುತ್ತದೆ.

ಸೇಡಂನ ಫೋನು 0ಯಿಂದ 15ರೊಳಗೆ ಒಂದು ಗುಟ್ಟು ಸಂಖ್ಯೆ ಹಿಡಿಯುತ್ತದೆ, ಚಿಂಚೋಳಿಯದ್ದು ಇನ್ನೊಂದು. ಇಬ್ಬರೂ ಸಂಖ್ಯೆಯನ್ನು ಹೇಳದೆ ಅದರ ‘ಹ್ಯಾಶ್’ ಕಳಿಸುತ್ತಾರೆ. ಹ್ಯಾಶ್ ಎಂದರೆ ಒಳಗಿನದನ್ನು ಕಾಣಗೊಡದ, ಆದರೆ ಆಮೇಲೆ ಬದಲಾಯಿಸಿದರೆ ಹಿಡಿದುಕೊಡುವ ಗಣಿತದ ಮೊಹರು. ಎರಡೂ ಮೊಹರು ತಲುಪಿದ ಮೇಲೆ ಗುಟ್ಟು ಬಿಚ್ಚುತ್ತಾರೆ. ಒಬ್ಬರದು 11, ಇನ್ನೊಬ್ಬರದು 9 ಎಂದರೆ ಮೊತ್ತ 20. 16ರಿಂದ ಭಾಗಿಸಿದರೆ ಶೇಷ 4. ದ್ವಿಮಾನದಲ್ಲಿ ಅದು 0100. 1 ಎಂದರೆ ಅಂಗಾತ, 0 ಎಂದರೆ ಬೋರಲು ಎಂದುಕೊಂಡರೆ ಒಂದು ಕವಡೆ ಅಂಗಾತ, ಮೂರು ಬೋರಲು. ಗರ ಒಂದು. ಹದಿನಾರು ಶೇಷಗಳು ನಾಲ್ಕು ಕವಡೆಗಳ ಹದಿನಾರು ಬಗೆಗಳಿಗೆ ಸರಿಯಾಗಿ ಹೊಂದಿಕೊಳ್ಳುತ್ತವೆ. ಇಬ್ಬರಲ್ಲಿ ಒಬ್ಬರು ಪ್ರಾಮಾಣಿಕವಾಗಿ ಸಂಖ್ಯೆ ಹಿಡಿದರೂ ಗರ ನ್ಯಾಯದ್ದೇ. ಎರಡು ಎಚ್ಚರ ಬೇಕು. ಬರೀ ಹದಿನಾರು ಸಂಖ್ಯೆಗಳಾದರೆ ಎದುರಾಳಿ ಹದಿನಾರರ ಹ್ಯಾಶನ್ನೂ ಮಾಡಿ ನೋಡಿ ಗುಟ್ಟು ಕಂಡುಹಿಡಿಯಬಲ್ಲ. ಆದ್ದರಿಂದ ಸಂಖ್ಯೆಯ ಜೊತೆ ಉದ್ದದ ಯಾದೃಚ್ಛಿಕ ಬಾಲವೊಂದನ್ನು ಸೇರಿಸಿ ಮೊಹರು ಹಾಕಬೇಕು. ಕೆಟ್ಟ ಗರ ಕಂಡವನು ಬಿಚ್ಚದೆ ನೆಟ್ ಹೋಯಿತು ಎನ್ನಬಹುದು; ಸಮಯ ಮೀರಿದರೆ ಸರದಿ ಹೋಯಿತು ಎಂಬ ನಿಯಮ ಬೇಕು.

ಉಳಿದದ್ದು ನಿತ್ಯದ ಮೇಲ್ವಿಚಾರಣೆ. ಗೆಳೆಯರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ರೂಮ್ ಕೋಡ್ ನಾಲ್ಕಂಕಿಯದಾದರೆ 10,000 ಕೋಡ್‌ಗಳು ಸಾಕೆನಿಸುತ್ತದೆ. ಆದರೆ ಮನಬಂದಂತೆ ಹಂಚಿದರೆ ಸುಮಾರು 120 ರೂಮ್ ತೆರೆಯುವಷ್ಟರಲ್ಲೇ ಎರಡಕ್ಕೆ ಒಂದೇ ಕೋಡ್ ಬೀಳುವ ಸಂಭವ ಅರ್ಧಕ್ಕರ್ಧ. ಹಂಚುವ ಮುನ್ನ ಕೋಡ್ ಖಾಲಿ ಇದೆಯೇ ಎಂದು ನೋಡಲೇಬೇಕು. ಪ್ರತಿ ನಡೆಗೂ ಕ್ರಮಸಂಖ್ಯೆ ಕೊಡಿ. ಸಿಗ್ನಲ್ ತಡವರಿಸಿ ಒಂದೇ ನಡೆ ಎರಡು ಸಲ ಬಂದರೆ ಎರಡನೆಯದನ್ನು ಬಿಡಬಹುದು.

ಇನ್ನೊಂದು ವಿಷಯ ಕಾನೂನಿನದು, ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಗೆದ್ದರೆ ಹಣ ಬರುತ್ತದೆಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದ ಅದರಲ್ಲಿಲ್ಲ. ನಡೆಸುವವರಿಗೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಕಸ್ಟಮ್ ರೂಮ್ ತೆರೆದು, ‘ಎಂಟ್ರಿ ಫೀ’ ಎಂದು ಫೋನಿನಲ್ಲೇ ಹಣ ಹಾಕಿಸಿಕೊಂಡು, ಗೆದ್ದವನಿಗೆ ಹಂಚುವ ಹುಡುಗರು ತಾವು ಸಣ್ಣ ಟೂರ್ನಮೆಂಟ್ ಮಾಡುತ್ತಿದ್ದೇವೆ ಎಂದುಕೊಂಡಿರಬಹುದು. ಅದು ಈ ಕಾಯ್ದೆಯ ಕೈಗೆ ಸಿಗುವ ಅಪಾಯವಿದೆ. ಹಣ ತೊಡಗಿಸದ ಸಾಮಾಜಿಕ ಆಟಗಳಿಗೂ ಕಲಿಕೆಯ ಆಟಗಳಿಗೂ ಅದೇ ಕಾಯ್ದೆ ಉತ್ತೇಜನದ ಮಾತಾಡುತ್ತದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಈ ಐದು ಊರುಗಳ ಕಾಲೇಜುಗಳ ಗಣಿತ ಮತ್ತು ಗಣಕ ವಿಜ್ಞಾನದ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಈ ವರ್ಷದ ಪ್ರಾಜೆಕ್ಟಿಗೆ ಚೌಕಾಬಾರವನ್ನೇ ಕೊಡಿ. ಆ್ಯಪ್ ಇಳಿಸಿಕೊಳ್ಳುವ ಮೊದಲು ಮಕ್ಕಳು ತಮ್ಮ ಓಣಿಯ ಹಿರಿಯರ ಬಳಿ ಕೂತು ಕಟ್ಟೆ ಮನೆ ಎಲ್ಲೆಲ್ಲಿ, ಯಾವ ಗರಕ್ಕೆ ಮತ್ತೊಂದು ಸರದಿ, ಕಾಯಿ ಹೊಡೆಯದೆ ಒಳಮನೆಗೆ ಹೋಗಬಹುದೇ, ಹಣ್ಣಾಗುವುದು ಯಾವಾಗ ಎಂದು ಕೇಳಿ ಬರೆದುಕೊಳ್ಳಲಿ. ಕೋಡ್ ಆಮೇಲೆ ಬರೆಯಬಹುದು.