ಕೊಲೆಗಾರನಿಗಿಂತ ಊರೇ ದೊಡ್ಡ ನಿಗೂಢ: ‘ಚಿದಂಬರ ರಹಸ್ಯ’

1887ರಲ್ಲಿ ಷರ್ಲಾಕ್ ಹೋಮ್ಸ್ ಮೊದಲ ಬಾರಿಗೆ ಅಚ್ಚಿನಲ್ಲಿ ಅವತರಿಸಿದ. ಸರಿಯಾಗಿ ನೂರು ವರ್ಷಗಳ ತರುವಾಯ, 1987ರಲ್ಲಿ, ವಿಜ್ಞಾನಿಯೊಬ್ಬನ ನಿಗೂಢ ಸಾವಿನ ಬೆನ್ನುಹತ್ತಿದ ಕನ್ನಡ ಕಾದಂಬರಿಯೊಂದು ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಗೆ ಭಾಜನವಾಯಿತು. ಪತ್ತೇದಾರಿ ಕಥೆ ಎಂದರೆ ಮೂಗು ಮುರಿಯುತ್ತಿದ್ದ ಪಂಡಿತವಲಯಕ್ಕೆ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ ಕೊಟ್ಟ ಉತ್ತರ ಅಷ್ಟು ಭವ್ಯವಾಗಿತ್ತು.

ಆ ತಾತ್ಸಾರವೇ ಅನ್ಯಾಯದ್ದೆನ್ನಿ. ನಾಲ್ಕನೇ ತರಗತಿಯವರೆಗಷ್ಟೇ ಓದಿದ್ದ ಎನ್. ನರಸಿಂಹಯ್ಯನವರು 1952ರ ‘ಪತ್ತೇದಾರ ಪುರುಷೋತ್ತಮ’ದಿಂದ ಆರಂಭಿಸಿ ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಇನ್ನೊಬ್ಬ ಜನಪ್ರಿಯ ಪತ್ತೇದಾರಿ ಲೇಖಕ ಮ. ರಾಮಮೂರ್ತಿಯವರು, ರಾಜ್ಯೋತ್ಸವದಂದು ನಾವು ಹೆಮ್ಮೆಯಿಂದ ಹಾರಿಸುವ ಹಳದಿ–ಕೆಂಪು ಬಾವುಟದ ರೂವಾರಿ! ಕನ್ನಡದ ಓದುಗ ಸಮುದಾಯವನ್ನು ಬೆಳೆಸಿದ ಈ ಪರಂಪರೆಯ ಸಾಮಗ್ರಿಯನ್ನೇ ತೇಜಸ್ವಿ 1985ರಲ್ಲಿ ಕೈಗೆತ್ತಿಕೊಂಡರು. ಅದರ ಗುರಿಯನ್ನು ಮಾತ್ರ ಬದಲಿಸಿದರು.

ಮಲೆನಾಡಿನ ಕೆಸರೂರು. ಏಲಕ್ಕಿ ಇಳುವರಿ ಕುಸಿಯುತ್ತಿದೆ, ಏಲಕ್ಕಿ ಸಂಶೋಧನೆಯಲ್ಲಿ ತೊಡಗಿದ್ದ ವಿಜ್ಞಾನಿ ಜೋಗಿಹಾಳ್ ಸತ್ತಿದ್ದಾನೆ. ತನಿಖೆಗೆ ಬರುತ್ತಾನೆ ಶಾಮನಂದನ ಅಂಗಡಿ. ಅಗಾಥಾ ಕ್ರಿಸ್ಟಿಯ ಪತ್ತೇದಾರನಾದರೆ ಕೊನೆಯ ಅಧ್ಯಾಯದಲ್ಲಿ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ಅಪರಾಧಿಯತ್ತ ಬೆರಳು ತೋರುತ್ತಿದ್ದ. ಅಂಗಡಿಗೆ ಆ ಭಾಗ್ಯವಿಲ್ಲ. ಕೆದಕಿದಷ್ಟೂ ಅವನಿಗೆ ಸಿಗುವುದು ವ್ಯಾಪಾರದ ದುರಾಸೆ, ಮತೀಯ ಸಂಶಯ, ಮೌಢ್ಯ, ಯುವಕರ ಅಪಕ್ವ ಕ್ರಾಂತಿ. ಇತ್ತ ಯಾರೂ ಅಷ್ಟಾಗಿ ಲೆಕ್ಕಕ್ಕಿಡದ ಲಂಟಾನ ಪೊದೆ ಗುಡ್ಡಗಳನ್ನು ಆವರಿಸುತ್ತಿದೆ. ಕೊನೆಗೆ ಎದ್ದ ಕಾಳ್ಗಿಚ್ಚಿನ ಮುಂದೆ ಕೊಲೆಗಾರ ಯಾರೆಂಬ ಪ್ರಶ್ನೆಯೇ ಕ್ಷುಲ್ಲಕವೆನಿಸಿಬಿಡುತ್ತದೆ. ನನ್ನ ಮಟ್ಟಿಗೆ ಕಾದಂಬರಿಯ ಪರಮ ಸಾಧನೆ ಇದೇ. ಅಪರಾಧಿ ಸಿಕ್ಕರೆ ಓದುಗ ನಿರಾಳನಾಗುತ್ತಾನೆ; ತೇಜಸ್ವಿ ಆ ನಿರಾಳವನ್ನು ಕೊಡಲು ಒಪ್ಪುವುದಿಲ್ಲ.

ದೋಷಗಳಿಲ್ಲವೆಂದಲ್ಲ. ಪಾತ್ರಗಳ ಸಂದಣಿ ವಿಪರೀತ. ಸುಳಿವಿಗೆ ಸುಳಿವು ಜೋಡಿಸಿ ಲೇಖಕನಿಗಿಂತ ಮೊದಲೇ ಗುಟ್ಟು ಒಡೆಯುವ ಚಟವುಳ್ಳವರಿಗೆ ನಿರಾಸೆ ಖಚಿತ. ಆದರೆ ತನಿಖೆಯ ನಡುವೆಯೂ ಗಹಗಹಿಸಿ ನಗಿಸುವ ಈ ಪರಿಯ ವಿನೋದ ಬೇರೆ ಯಾವ ಪತ್ತೇದಾರಿಯಲ್ಲಿದೆ?

ಬೆಂಗಳೂರು ಗ್ರಾಮಾಂತರದ ಓದುಗನಿಗಂತೂ ಕೆಸರೂರು ದೂರದ ಊರಲ್ಲ. ದೇವನಹಳ್ಳಿಯ ಚಕ್ಕೋತವನ್ನೇ ನೋಡಿ: ದಪ್ಪ ಸಿಪ್ಪೆ ಬಿಡಿಸಿದರೆ ನಸುಗೆಂಪು ತೊಳೆ, ಹುಳಿಯನ್ನು ಮೀರಿಸುವ ಸಿಹಿ. ಭೌಗೋಳಿಕ ಸೂಚಿಯ ಗೌರವ ಅದಕ್ಕೆ ಸಂದಿದೆ. ತೋಟಗಳು ಮಾತ್ರ ಕರಗಿವೆ. 2008ರಲ್ಲಿ ವಿಮಾನ ನಿಲ್ದಾಣ ಬಂತು, ಸುತ್ತಲಿನ ಭೂಮಿ ಬಡಾವಣೆಗಳಾಗುತ್ತ ಹೋಯಿತು. ಇಲ್ಲಿ ಒಬ್ಬ ಅಂಗಡಿ ಬಂದು ವಿಚಾರಣೆ ನಡೆಸಿದರೆ ಮಾರಿದವರು, ಕೊಂಡವರು, ಅನುಮತಿ ಕೊಟ್ಟವರು, ಅದೇ ನಿವೇಶನದಲ್ಲಿ ಮನೆ ಕಟ್ಟಿ ಕಾದಂಬರಿ ಓದುತ್ತಿರುವವರು, ಎಲ್ಲರ ಹೇಳಿಕೆಯನ್ನೂ ಪಡೆಯಬೇಕಾದೀತು.

ಗಿರೀಶ್ ಕಾರ್ನಾಡರು ಈ ಕೃತಿಯನ್ನು ಕಿರುತೆರೆಗೂ ತಂದರು. ಪುಸ್ತಕವೂ ಮರುಮುದ್ರಣಗೊಳ್ಳುತ್ತ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಮನೆಯ ಮಕ್ಕಳ ಕೈಗೆ ಮೊದಲು ತೇಜಸ್ವಿಯವರದೇ ಇನ್ನೊಂದು ಕಾದಂಬರಿ ‘ಕರ್ವಾಲೊ’ ಕೊಡಿ, ಅದು ಮುಗಿದ ಮೇಲೆ ಇದು.