ಕಾಸು ಕಡಿಮೆ, ಆಸೆ ಬಹಳ: ಕಾಲೇಜು ಹುಡುಗಿಯರ ಪ್ರವಾಸ

ದೇಶ ಸುತ್ತು, ಇಲ್ಲವೇ ಕೋಶ ಓದು ಎನ್ನುತ್ತಾರೆ ಹಿರಿಯರು. ನಮ್ಮ ಹೆಣ್ಣುಮಕ್ಕಳು ಕೋಶವನ್ನೇನೋ ಚೆನ್ನಾಗಿಯೇ ಓದುತ್ತಿದ್ದಾರೆ. ದೇಶ ಸುತ್ತುವ ಮಾತು ಬಂದಾಗ ಮಾತ್ರ ಮನೆಯಲ್ಲಿ ಎಲ್ಲರೂ ಸುಮ್ಮನಾಗಿಬಿಡುತ್ತಾರೆ, ಅಲ್ಲವೇ?

ನಾವಿರುವುದು ಮೈಸೂರಿನ ಮಂಡಕಳ್ಳಿಯಲ್ಲಿ. 2010ರಲ್ಲಿ ಇಲ್ಲಿಂದ ವಿಮಾನ ಹಾರಲು ಶುರುವಾದಾಗಿನಿಂದ ನೆಂಟರೆಲ್ಲ “ನಿಮಗೇನ್ರೀ, ಮನೆ ಮುಂದೇನೇ ವಿಮಾನ!” ಎಂದು ತಮಾಷೆ ಮಾಡುತ್ತಾರೆ. ನಮ್ಮಂಥವರು ನಂಬಿರುವುದು ನಂಜನಗೂಡು ರಸ್ತೆಯ ಬಸ್ಸನ್ನೇ. ನನ್ನ ಮಗಳು ಮಾನಸಗಂಗೋತ್ರಿಯಲ್ಲಿ ಚರಿತ್ರೆಯ ಎಂ.ಎ. ಓದುತ್ತಾಳೆ. ವಿಜಯನಗರದ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳು ಹಂಪಿಯನ್ನು ಕಣ್ಣಾರೆ ಕಂಡಿರಲಿಲ್ಲ. ಹೋದ ವರ್ಷ ಮೂವರು ಸಹಪಾಠಿಗಳ ಜೊತೆ ಹೊರಡುತ್ತೇನೆ ಎಂದಾಗ ಅವಳ ಅಜ್ಜಿ, “ಅದಕ್ಕೇನವಸರ? ಮದುವೆಯಾದ ಮೇಲೆ ಗಂಡನ ಜೊತೆ ಹೋಗಲಿ ಬಿಡು” ಎಂದರು. ಈ ಮಾತನ್ನು ನನಗೂ ಹೇಳಿದ್ದರು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷವಾಯಿತು. ನಾನಿನ್ನೂ ಹಂಪಿ ನೋಡಿಲ್ಲ.

ಗಂಡುಹುಡುಗರ ಕಥೆಯೇ ಬೇರೆ. ಸಾಹಿತಿ ಎಸ್. ಎಲ್. ಭೈರಪ್ಪನವರು ಹುಡುಗರಾಗಿದ್ದಾಗ ಓದು ಬಿಟ್ಟು ಅಲೆದು, ಮುಂಬಯಿಯಲ್ಲಿ ರೈಲ್ವೆ ಕೂಲಿಯಾಗಿ ದುಡಿದು, ಸಾಧುಗಳ ಜೊತೆ ತಿರುಗಿ, ಮತ್ತೆ ಮೈಸೂರಿಗೆ ಬಂದು ಓದು ಮುಂದುವರಿಸಿದರು. ಹುಡುಗನಾದರೆ ಪ್ಲಾಟ್‌ಫಾರಂ ಮೇಲೆ ಟವೆಲ್ ಹಾಸಿ ಮಲಗಿಯಾನು. ಹುಡುಗಿಗೆ ಆ ಉಳಿತಾಯ ಸಾಧ್ಯವೇ? ಆದ್ದರಿಂದ ನಮ್ಮ ಮಕ್ಕಳ ಪ್ರವಾಸದ ಲೆಕ್ಕವನ್ನು ಬೇರೆ ರೀತಿಯಲ್ಲೇ ಹಾಕಬೇಕು.

ಬಸ್ ಚಾರ್ಜಿನ ಚಿಂತೆ ಬೇಡ

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟು ಪುಕ್ಕಟೆ. ಸಿಟಿ ಬಸ್ಸು, ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಬಸ್ಸು ಎಲ್ಲಕ್ಕೂ ಇದು ಉಂಟು. ರಾಜಹಂಸ, ಐರಾವತದಂಥ ಬಸ್ಸುಗಳಿಗೆ ಇಲ್ಲ. ಹೊರರಾಜ್ಯಕ್ಕೆ ಹೋಗುವ ಬಸ್ಸುಗಳಿಗೂ ಇಲ್ಲ. ನಮ್ಮ ಮಂಡಕಳ್ಳಿಯ ಮುಂದೆಯೇ ಊಟಿಗೆ ಬಸ್ಸು ಹೋಗುತ್ತದೆಂದು ಹತ್ತಿ ಕುಳಿತರೆ ದುಡ್ಡು ಕೊಡಲೇಬೇಕು! ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ, ಶೂನ್ಯ ದರದ ಟಿಕೆಟ್ಟನ್ನು ಮರೆಯದೆ ಪಡೆದು ಇಳಿಯುವವರೆಗೂ ಜೋಪಾನವಾಗಿ ಇಟ್ಟುಕೊಳ್ಳಬೇಕು.

ರೈಲಿನಲ್ಲೂ ವಿದ್ಯಾರ್ಥಿಗಳಿಗೆ ರಿಯಾಯಿತಿ ಉಂಟು. ರಜೆಯಲ್ಲಿ ಸ್ವಂತ ಊರಿಗೆ ಹೋಗುವವರಿಗೆ, ಕಾಲೇಜಿನಿಂದ ಶೈಕ್ಷಣಿಕ ಪ್ರವಾಸ ಹೊರಟವರಿಗೆ ಎರಡನೇ ದರ್ಜೆ ಮತ್ತು ಸ್ಲೀಪರಿನಲ್ಲಿ ಅರ್ಧ ಚಾರ್ಜು. ಇದಕ್ಕೆ ಕಾಲೇಜಿನ ಮುಖ್ಯಸ್ಥರ ಸಹಿ ಇರುವ ಫಾರಂ ಬೇಕು. ಕೊನೆಯ ದಿನ ಓಡಾಡಿದರೆ ಆಗುವ ಕೆಲಸವಲ್ಲ, ಮೊದಲೇ ಕೇಳಿಡಿ.

ಎಲ್ಲಿ ಉಳಿಸಬಾರದು?

ನಮ್ಮ ಹುಡುಗಿಯರು ಹಂಪಿಗೂ ಪುಕ್ಕಟೆ ಬಸ್ಸಿನಲ್ಲೇ ಹೋಗುವುದೆಂದು ಲೆಕ್ಕ ಹಾಕಿದ್ದರು. ಎರಡು ಮೂರು ಬಸ್ಸು ಬದಲಾಯಿಸಿ ಹೊತ್ತಲ್ಲದ ಹೊತ್ತಿನಲ್ಲಿ ಹೊಸಪೇಟೆಯಲ್ಲಿ ಇಳಿಯುವ ಲೆಕ್ಕ ಅದು. ನಾನು ಒಪ್ಪಲಿಲ್ಲ. ಮೈಸೂರಿನಿಂದ ಸಂಜೆ ಹೊರಡುವ ಹಂಪಿ ಎಕ್ಸ್‌ಪ್ರೆಸ್ ಬೆಂಗಳೂರಿನ ಮೇಲೆ ಹೋಗಿ ಬೆಳಗ್ಗೆ ಹೊಸಪೇಟೆ ತಲಪುತ್ತದೆ. ಸ್ಲೀಪರ್ ಟಿಕೆಟ್ಟಿಗೆ ದುಡ್ಡು ಖರ್ಚಾದರೂ ಒಂದು ರಾತ್ರಿಯ ಲಾಡ್ಜಿನ ಬಾಡಿಗೆ ಉಳಿಯಿತು, ಮಕ್ಕಳು ಇಳಿದಾಗ ಬೆಳಕಾಗಿತ್ತು. ಅಲ್ಲಿಂದ ಹಂಪಿಗೆ ಪುಕ್ಕಟೆ ಬಸ್ಸು. ವಿಜಯವಿಠ್ಠಲ ದೇವಸ್ಥಾನದಲ್ಲಿ ತೆಗೆದುಕೊಂಡ ಟಿಕೆಟ್ಟನ್ನೇ ಅದೇ ದಿನ ಕಮಲ ಮಹಲಿನಲ್ಲೂ ಕಮಲಾಪುರದ ವಸ್ತು ಸಂಗ್ರಹಾಲಯದಲ್ಲೂ ತೋರಿಸಬಹುದು. ಶುಕ್ರವಾರ ಮಾತ್ರ ವಸ್ತು ಸಂಗ್ರಹಾಲಯಕ್ಕೆ ರಜೆ. ಎಲ್ಲ ಸೇರಿ ತಲೆಗೆ ಎರಡು ಸಾವಿರ ರೂಪಾಯಿಯೊಳಗೆ ಮುಗಿಸಿ ಬಂದರು.

ನನ್ನ ಲೆಕ್ಕ ಇಷ್ಟೇ: ಹಗಲಿನಲ್ಲಿ ಎಷ್ಟು ಬೇಕಾದರೂ ಉಳಿಸಿ, ರಾತ್ರಿಯ ವಿಷಯದಲ್ಲಿ ಜಿಪುಣತನ ಬೇಡ.

ತಂಗುವುದು ಎಲ್ಲಿ?

1909ರಲ್ಲಿ ಜರ್ಮನಿಯ ರಿಚರ್ಡ್ ಶಿರ್‌ಮನ್ ಎಂಬ ಮೇಷ್ಟ್ರು ಮಕ್ಕಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ದಾಗ ಗುಡುಗು ಮಳೆಗೆ ಸಿಕ್ಕಿ, ಒಂದು ಶಾಲೆಯಲ್ಲಿ ರಾತ್ರಿ ಕಳೆದರಂತೆ. ರಜೆಯಲ್ಲಿ ಖಾಲಿ ಬೀಳುವ ಶಾಲೆಗಳಲ್ಲಿ ಮಕ್ಕಳು ಅಗ್ಗವಾಗಿ ಏಕೆ ತಂಗಬಾರದು ಎಂದು ಅವರಿಗೆ ಆಗ ಹೊಳೆಯಿತು. ಯೂತ್ ಹಾಸ್ಟೆಲ್ ಹುಟ್ಟಿದ್ದು ಹೀಗೆ. ನಮ್ಮ ಮೈಸೂರಿನಲ್ಲೂ ಒಂದು ಇದೆ. ರೈಲು ಟಿಕೆಟ್ಟು ಇದ್ದವರಿಗೆ ದೊಡ್ಡ ನಿಲ್ದಾಣಗಳಲ್ಲಿ ರಿಟೈರಿಂಗ್ ರೂಮುಗಳೂ ಸಿಗುತ್ತವೆ.

ಲಾಡ್ಜಿನ ವಿಷಯದಲ್ಲಿ ಒಂದು ಎಚ್ಚರಿಕೆ. ಇನ್ನೊಂದು ಪ್ರವಾಸದಲ್ಲಿ ಫೋನಿನಲ್ಲಿ ರೂಮು ಇದೆ ಎಂದಿದ್ದವರು, ಹುಡುಗಿಯರನ್ನು ನೋಡಿದೊಡನೆ “ಜೊತೇಲಿ ಗಂಡಸರು ಯಾರೂ ಇಲ್ವಾ?” ಎಂದು ಕೇಳಿ ಕೊಡುವುದಿಲ್ಲವೆಂದರು. ಸಂಜೆ ಏಳು ಗಂಟೆ. ಪುಣ್ಯಕ್ಕೆ ಆ ಊರಿನ ಸಹಪಾಠಿಯೊಬ್ಬಳ ಮನೆ ನಂಬರು ಮಗಳ ಹತ್ತಿರ ಇತ್ತು. ಆ ತಾಯಿ ಬಸ್ ನಿಲ್ದಾಣಕ್ಕೇ ಬಂದು ನಾಲ್ವರನ್ನೂ ಕರೆದುಕೊಂಡು ಹೋಗಿ ಬಿಸಿ ಅನ್ನ ಹಾಕಿದರು. ಹಾಗಾಗಿ ರೂಮು ಕೇಳುವಾಗಲೇ “ನಾವು ನಾಲ್ಕು ಜನ ಹುಡುಗಿಯರು, ಬೇರೆ ಯಾರೂ ಇರುವುದಿಲ್ಲ” ಎಂದು ಬಿಡಿಸಿ ಹೇಳಿ. ಹೋಗುವ ಊರಿನಲ್ಲಿ ಗೊತ್ತಿದ್ದವರ ಒಂದು ವಿಳಾಸ ಇಟ್ಟುಕೊಳ್ಳಿ. ವಿಶ್ವವಿದ್ಯಾನಿಲಯದಲ್ಲಿ ಹಲವು ಊರುಗಳ ಮಕ್ಕಳು ಸಿಗುತ್ತಾರಲ್ಲ, ಅದಕ್ಕಿಂತ ದೊಡ್ಡ ಅನುಕೂಲ ಯಾವುದಿದೆ? ಆದರೆ ಇನ್ನೊಬ್ಬರ ಮನೆಯಲ್ಲಿ ಎರಡು ರಾತ್ರಿಗಿಂತ ಹೆಚ್ಚು ಇರಬಾರದು; ಬರಿಗೈಯಲ್ಲಿ ಹೋಗಬಾರದು; ಉಂಡ ತಟ್ಟೆ ತಾವೇ ತೊಳೆಯಬೇಕು. ಅವರು ನಮ್ಮೂರಿಗೆ ಬಂದಾಗ ನಮ್ಮ ಬಾಗಿಲೂ ತೆರೆದಿರಬೇಕು.

ಬುತ್ತಿ ಮತ್ತು ಚೀಲ

ಹೋಟೆಲಿನ ಖರ್ಚನ್ನು ಅರ್ಧ ಮಾಡುವುದು ನಮ್ಮ ಕೈಯಲ್ಲೇ ಇದೆ. ನೀರಿನ ಬದಲು ಹಾಲಿನಲ್ಲಿ ಕಲಸಿದ ಚಪಾತಿ ಮೆತ್ತಗಿರುತ್ತದೆ, ಮಾರನೆಯ ದಿನಕ್ಕೂ ಬರುತ್ತದೆ. ಜೊತೆಗೆ ಕಡಲೆಕಾಯಿ ಚಟ್ನಿಪುಡಿ. ನೀರು ಸೋಕದಂತೆ ಎಣ್ಣೆಯಲ್ಲಿ ಕುದಿಸಿದ ಪುಳಿಯೋಗರೆ ಗೊಜ್ಜು ಡಬ್ಬಿಯಲ್ಲಿದ್ದರೆ, ಹೋಟೆಲಿನಿಂದ ಬರೀ ಅನ್ನ ತಂದರೂ ನಾಲ್ವರ ಊಟವಾಯಿತು. ಗೋಧಿ, ಅಕ್ಕಿ, ಹುರಿಗಡಲೆಗಳನ್ನು ಹುರಿದು ಪುಡಿ ಮಾಡಿ ಬೆಲ್ಲ, ಏಲಕ್ಕಿ ಬೆರೆಸಿದ ಹುರಿಹಿಟ್ಟಿಗೆ ಬಿಸಿ ಹಾಲು ಸೇರಿಸಿದರೆ ಬೆಳಗಿನ ತಿಂಡಿಯ ಚಿಂತೆ ಇಲ್ಲ. ಧರ್ಮಸ್ಥಳ, ಹೊರನಾಡು, ಶೃಂಗೇರಿಗಳ ಕಡೆ ಹೋದರೆ ದೇವರ ಪ್ರಸಾದವೇ ಊಟ.

ಚೀಲ ತಾವೇ ಹೊತ್ತು ಒಂದು ಮೈಲಿ ನಡೆಯುವಷ್ಟು ಹಗುರವಾಗಿರಲಿ. ಮುಟ್ಟಿನ ದಿನವಲ್ಲದಿದ್ದರೂ ಅದಕ್ಕೆ ಬೇಕಾದ್ದು ಚೀಲದಲ್ಲಿರಲಿ. ಪ್ರಯಾಣದ ಸುಸ್ತಿನಲ್ಲಿ ದಿನ ಏರುಪೇರಾಗುವುದುಂಟು. ದುಡ್ಡನ್ನು ಎರಡು ಕಡೆ ಇಡಿ. ತುರ್ತಿಗೆ 112, ರೈಲಿನಲ್ಲಿದ್ದರೆ 139, ಈ ಎರಡು ನಂಬರು ಬಾಯಿಪಾಠವಾಗಿರಲಿ.

ತಾಯಂದಿರಿಗೆ ಒಂದು ಮಾತು

ಮೊದಲ ಸಲವೇ ದೂರ ಕಳಿಸಲು ಧೈರ್ಯ ಬಾರದಿದ್ದರೆ ಸೋಮನಾಥಪುರದಿಂದ ಶುರುಮಾಡಿ. ಮೈಸೂರಿನಿಂದ ಸುಮಾರು 35 ಕಿಲೋಮೀಟರು, ಬೆಳಗ್ಗೆ ಹೋಗಿ ಸಂಜೆಗೆ ವಾಪಸು. ಆಮೇಲೆ ಬೇಲೂರು, ಹಳೇಬೀಡು. ಈ ಮೂರು ಕಡೆಯ ಹೊಯ್ಸಳ ದೇವಾಲಯಗಳೂ 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಎರಡು ಮೂರು ಸಲ ಹೋಗಿಬಂದ ಮಗಳ ನಡೆನುಡಿಯಲ್ಲೇ ಧೈರ್ಯ ಕಾಣುತ್ತದೆ.

ಹಂಪಿಗೆ ಹೊರಟ ನಾಲ್ವರಲ್ಲಿ ಒಬ್ಬಳ ತಂದೆ ಬಿಲ್‌ಕುಲ್ ಒಪ್ಪಿರಲಿಲ್ಲ. ನಾವು ನಾಲ್ವರು ತಾಯಂದಿರು ಅವರ ಮನೆಯಲ್ಲೇ ಕೂತು ಯಾವ ರೈಲು, ಯಾವ ರೂಮು, ಯಾವ ಹೊತ್ತಿಗೆ ಫೋನು ಎಂದು ಒಂದು ಹಾಳೆಯಲ್ಲಿ ಬರೆದು ಅವರ ಕೈಗಿಟ್ಟೆವು. ಅದನ್ನು ಎರಡು ಸಲ ಓದಿ, “ಆಯ್ತಮ್ಮ, ಹೋಗಿ ಬಾ” ಎಂದರು. ಅವರಿಗಿದ್ದದ್ದು ಹಟವಲ್ಲ, ಭಯ. ಭಯಕ್ಕೆ ವಿವರವೇ ಮದ್ದು.

ಸೋದರಿಯರೇ, ಮುಂದಿನ ರಜೆಗೆ ನಿಮ್ಮ ಮಗಳು ಕೇಳಿದರೆ ಬೇಡವೆನ್ನುವ ಮೊದಲು ಹಾಳೆ, ಪೆನ್ನು ತೆಗೆದುಕೊಂಡು ಅವಳ ಪಕ್ಕ ಕೂತುಕೊಳ್ಳಿ. ನಾನಂತೂ ಈ ಸಲ ಅವಳ ಜೊತೆ ಹಂಪಿಗೆ ಹೊರಟಿದ್ದೇನೆ. ನೀವೂ ಒಮ್ಮೆ ಯಾವುದಾದರೂ ಊರಿಗೆ ಹೊರಡಿ. ಬಸ್ಸಿನ ಟಿಕೆಟ್ಟು ನಮಗೂ ಪುಕ್ಕಟೆಯೇ ಅಲ್ಲವೇ!