ಸಿಹಿನೀರಿನಲ್ಲಿ ಸವೆಯುವ ಚಿಪ್ಪು
ಸಾಕು ಬಸವನಹುಳು ಮತ್ತು ಅಕ್ವೇರಿಯಂ ನೀರು: ತಪ್ಪು ಕಲ್ಪನೆ ಮತ್ತು ಸತ್ಯ

ಅಂಗಡಿಯಿಂದ ತಂದ ಹಳದಿ ಮಿಸ್ಟರಿ ಬಸವನಹುಳು ಮೊದಲ ವಾರ ಗಾಜಿನ ಮೇಲೆಲ್ಲ ಓಡಾಡುತ್ತದೆ, ಮಕ್ಕಳು ಕಣ್ಣು ಕೀಳದೆ ನೋಡುತ್ತಾರೆ. ಕೆಲವು ತಿಂಗಳಿಗೆ ಚಿಪ್ಪಿನ ಹೊಳಪು ಹೋಗುತ್ತದೆ. ಸುರುಳಿಯ ತುದಿ ಬೆಳ್ಳಗಾಗಿ ಗುಳಿ ಬೀಳುತ್ತದೆ. ‘ವಯಸ್ಸಾಯಿತು’ ಎಂದು ಮನೆಯವರು ಮಕ್ಕಳಿಗೆ ಸಮಾಧಾನ ಹೇಳುತ್ತಾರೆ. ಹೆಚ್ಚಿನ ಸಲ ನಿಜವಾದ ಕಾರಣ ನೀರು, ಅದರಲ್ಲೂ ‘ಒಳ್ಳೆಯದು’ ಎಂದು ನಂಬಿ ತುಂಬಿಸಿದ ನೀರು. ಬೆಳಗಾವಿ ಮತ್ತು ಖಾನಾಪುರದ ಮನೆಗಳಲ್ಲಿ ಕೇಳಿಬರುವ ಅಂಥ ನಂಬಿಕೆಗಳನ್ನು ಒಂದೊಂದಾಗಿ ನೋಡೋಣ.

ತಪ್ಪು ಕಲ್ಪನೆ 1: ಕುಡಿಯಲು ಸಿಹಿಯಾದ ನೀರು ಬಸವನಹುಳುವಿಗೂ ಉತ್ತಮ.

ಸತ್ಯ: ಬೇಳೆ ಬೇಗ ಬೇಯಿಸುವ, ಸಾಬೂನಿಗೆ ಚೆನ್ನಾಗಿ ನೊರೆ ಬರಿಸುವ ನೀರು ನಮಗೆ ಸಿಹಿನೀರು. ಬೇಳೆ ಬೇಯದಿದ್ದರೆ ಅದು ಸವಳು. ಇವೆರಡರ ನಡುವಿನ ಮುಖ್ಯ ವ್ಯತ್ಯಾಸ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳದು. ಬಸವನಹುಳುವಿನ ಚಿಪ್ಪು ಬಹುಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ಅದಕ್ಕೆ ಬೇಕಾದ ಕ್ಯಾಲ್ಸಿಯಂ ಅನ್ನು ಹುಳು ಆಹಾರದಿಂದಲೂ ಸುತ್ತಲಿನ ನೀರಿನಿಂದಲೂ ಪಡೆಯುತ್ತದೆ. ನಾವು ಹಳಿಯುವ ಸವಳಿನಲ್ಲೇ ಅದರ ಮನೆಯ ಗಾರೆ ಇದೆ.

ಖಾನಾಪುರದ ಕಣಕುಂಬಿ, ಜಾಂಬೋಟಿ ಸುತ್ತಲಿನ ಭಾರಿ ಮಳೆ ಜಂಬಿಟ್ಟಿಗೆ ನೆಲದ ಕ್ಯಾಲ್ಸಿಯಂ ಅನ್ನು ಯುಗಯುಗಗಳಿಂದ ತೊಳೆದುಕೊಂಡು ಹೋಗಿದೆ. ಹಾಗಾಗಿ ಆ ಕಡೆಯ ಹಳ್ಳ, ಬಾವಿಗಳ ನೀರು ಸಾಮಾನ್ಯವಾಗಿ ಮೃದು, ಅಂದರೆ ಈ ಲವಣಗಳು ಕಡಿಮೆ. ಬೆಳಗಾವಿಗೆ ಮಾರ್ಕಂಡೇಯ ನದಿಯ ರಕ್ಕಸಕೊಪ್ಪ ಜಲಾಶಯದಿಂದಲೂ ಘಟಪ್ರಭೆಯ ಹಿಡಕಲ್ ಜಲಾಶಯದಿಂದಲೂ ನೀರು ಬರುತ್ತದೆ. ಕಪ್ಪುಬಂಡೆಯ ಆಳಕ್ಕಿಳಿದ ಬೋರ್‌ವೆಲ್ ನೀರು ಇನ್ನಷ್ಟು ಗಡಸಾಗಿರಬಹುದು. ಮೂಲ ಬದಲಾದರೆ ನೀರಿನ ಗುಣವೂ ಬದಲಾಗುವುದರಿಂದ, ಪಕ್ಕದ ಮನೆಯ ತೊಟ್ಟಿಯಲ್ಲಿ ಹುಳು ಚೆನ್ನಾಗಿದೆ ಎಂದ ಮಾತ್ರಕ್ಕೆ ನಿಮ್ಮ ನಲ್ಲಿ ನೀರೂ ಹೊಂದುತ್ತದೆ ಎನ್ನಲಾಗದು. ಅಕ್ವೇರಿಯಂ ಪರೀಕ್ಷಾ ಕಿಟ್‌ನಿಂದ ಅಳೆಯಿರಿ: ಪಿಎಚ್ 7.2ರಿಂದ 8, ಒಟ್ಟು ಗಡಸುತನ ಲೀಟರಿಗೆ ಸುಮಾರು 140 ಮಿಲಿಗ್ರಾಂ ಅಥವಾ ಹೆಚ್ಚು, ಕ್ಷಾರತೆ (ಪಿಎಚ್ ಕುಸಿಯದಂತೆ ತಡೆಯುವ ಗುಣ) 70ರಿಂದ 90 ಮಿಲಿಗ್ರಾಂ ಇದ್ದರೆ ಹುಳುವಿಗೆ ಹಿತ. ಪಿಎಚ್ 7ಕ್ಕಿಂತ ಕೆಳಗೇ ಉಳಿದರೆ ಚಿಪ್ಪು ಕರಗತೊಡಗುತ್ತದೆ. ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಮಾನದಂಡ ಕುಡಿಯುವ ನೀರಿಗೆ 6.5ರವರೆಗಿನ ಪಿಎಚ್ ಅನ್ನು ಒಪ್ಪುತ್ತದೆ. ನಮಗೆ ನಿರಪಾಯವಾದ ಆ ನೀರು ಚಿಪ್ಪಿಗೆ ಅಪಾಯ.

ತಪ್ಪು ಕಲ್ಪನೆ 2: ಆರ್‌ಒ ನೀರು ಅಥವಾ ಕುದಿಸಿ ಆರಿಸಿದ ನೀರು ಹಾಕಿದರೆ ಚಿಂತೆಯಿಲ್ಲ.

ಸತ್ಯ: ಆರ್‌ಒ ಯಂತ್ರ ಕಲ್ಮಶದ ಜೊತೆಗೆ ಲವಣಗಳಲ್ಲಿ ಬಹುಪಾಲನ್ನೂ ತೆಗೆದುಬಿಡುತ್ತದೆ. ಕುದಿಸಿದಾಗಲೂ ಕ್ಯಾಲ್ಸಿಯಂನ ಒಂದು ಭಾಗ ನೀರಿನಿಂದ ಬೇರೆಯಾಗುತ್ತದೆ. ಪಾತ್ರೆಯ ತಳಕ್ಕೆ ಅಂಟುವ ಬಿಳಿ ಪದರ ಅದೇ. ಆ ಪದರವನ್ನು ಪಾತ್ರೆಯಲ್ಲೇ ಬಿಟ್ಟು, ಉಳಿದ ನೀರನ್ನು ನಾವು ಹುಳುವಿಗೆ ಕೊಡುತ್ತೇವೆ.

ತಪ್ಪು ಕಲ್ಪನೆ 3: ತಾಮ್ರದ ಹಂಡೆಯ ನೀರು ಎಲ್ಲ ಜೀವಿಗಳಿಗೂ ಆರೋಗ್ಯಕರ.

ಸತ್ಯ: ಬಸವನಹುಳುವಿಗೆ ತಾಮ್ರ ವಿಷ. ಅಡಿಕೆ ತೋಟದವರು ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತ ತಾಮ್ರದ ಸಲ್ಫೇಟೇ ಆಗಿದ್ದು, ಬಸವನಹುಳುಗಳನ್ನು ಕೊಲ್ಲಲೂ ಅದನ್ನು ಬಳಸಿದ್ದಾರೆ. ಕುಡಿಯುವ ನೀರಿನ ಮಾನದಂಡ ತಾಮ್ರಕ್ಕೆ ಲೀಟರಿಗೆ 0.05 ಮಿಲಿಗ್ರಾಂ ಮಿತಿ ಹಾಕಿ, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ ಅವಕಾಶ ಕೊಡುತ್ತದೆ. ಮನುಷ್ಯರು ತಾಳಿಕೊಳ್ಳುವ ಆ ಪ್ರಮಾಣ ಹುಳುವಿನ ಜೀವ ತೆಗೆಯಬಲ್ಲದು. ತಾಮ್ರದ ಹಂಡೆಯಲ್ಲಾಗಲಿ ಕೊಡದಲ್ಲಾಗಲಿ ರಾತ್ರಿಯಿಡೀ ನಿಂತ ನೀರು ಬೇಡ. ಗೀಸರ್‌ನ ಬಿಸಿನೀರೂ ಬೇಡ, ಅದರೊಳಗೆ ತಾಮ್ರದ ಭಾಗಗಳಿರಬಹುದು. ಮೀನಿನ ರೋಗಕ್ಕೆ ಮಾರುವ ಕೆಲವು ಔಷಧಗಳಲ್ಲೂ ತಾಮ್ರ ಇರುತ್ತದೆ. ಹಾಕುವ ಮೊದಲು ಚೀಟಿ ಓದಿ.

ತಪ್ಪು ಕಲ್ಪನೆ 4: ತಿಳಿಯಾಗಿ ಕಂಡರೆ ಸಾಕು, ನಲ್ಲಿ ನೀರನ್ನು ನೇರವಾಗಿ ಸುರಿಯಬಹುದು.

ಸತ್ಯ: ನಲ್ಲಿ ನೀರಿಗೆ ಬೆರೆಸುವ ಕ್ಲೋರಿನ್ ಕಣ್ಣಿಗೆ ಕಾಣುವುದಿಲ್ಲ. ಅಗಲ ಬಾಯಿಯ ಪ್ಲಾಸ್ಟಿಕ್ ಬಕೆಟ್‌ನಲ್ಲಿ 24 ಗಂಟೆ ಬಿಟ್ಟರೆ ಅದು ಬಹುತೇಕ ಹಾರಿಹೋಗುತ್ತದೆ. ತುರ್ತಿದ್ದರೆ ಅಕ್ವೇರಿಯಂ ಅಂಗಡಿಯ ಕ್ಲೋರಿನ್ ನಿವಾರಕ ಬಳಸಿ. ಬ್ಲೀಚಿಂಗ್ ಪುಡಿ ಹಾಕಿದ ಬಾವಿಯ ನೀರಿಗೂ ಇದೇ ನಿಯಮ. ಮಳೆಗಾಲದ ಕೆಂಪು ನೀರನ್ನು ಮನೆಯಲ್ಲಿ ಪಟಿಕದಿಂದ ತಿಳಿ ಮಾಡಿ ತೊಟ್ಟಿಗೆ ಹಾಕಬೇಡಿ. ಲೀಟರಿಗೆ 1 ಮಿಲಿಗ್ರಾಂ ಪಟಿಕ ಸುಮಾರು 0.5 ಮಿಲಿಗ್ರಾಂ ಕ್ಷಾರತೆಯನ್ನು ತಿಂದುಹಾಕುತ್ತದೆ. ಮೊದಲೇ ಮೃದುವಾದ ನೀರಿನಲ್ಲಿ ಇದರಿಂದ ಪಿಎಚ್ ಕುಸಿಯಬಹುದು.

ತಪ್ಪು ಕಲ್ಪನೆ 5: ಚಿಪ್ಪಿಗೆ ಸುಣ್ಣ ಬೇಕೆಂದರೆ ಎಲೆ-ಅಡಿಕೆಯ ಸುಣ್ಣ ಹಾಕಿದರಾಯಿತು.

ಸತ್ಯ: ಈ ತಪ್ಪಿನಿಂದ ಇಡೀ ತೊಟ್ಟಿಯೇ ಒಂದು ದಿನದಲ್ಲಿ ಸಾಯಬಹುದು. ಎಲೆಗೆ ಹಚ್ಚುವ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ಅದರ ತಿಳಿನೀರಿನ ಪಿಎಚ್ 12ರ ಆಸುಪಾಸು. ಹುಳುವಿಗೆ ಬೇಕಿರುವುದು ನಿಧಾನವಾಗಿ ಕರಗುವ ಕ್ಯಾಲ್ಸಿಯಂ ಕಾರ್ಬೊನೇಟ್. ತತ್ತಿಯ ಸಿಪ್ಪೆಯನ್ನು ಕುದಿಸಿ, ಒಣಗಿಸಿ, ಪುಡಿ ಮಾಡಿ ಬಟ್ಟೆಯ ಗಂಟಿನಲ್ಲಿ ಫಿಲ್ಟರ್ ಬಳಿ ಇಡಿ. ಗ್ರಂದಿಗೆ ಅಂಗಡಿಯ ಸಮುದ್ರದ ನೊರೆ, ಅಂದರೆ ಕಟಲ್‌ಮೀನಿನ ಚಿಪ್ಪು, ಇನ್ನೂ ಒಳ್ಳೆಯದು. ಹುಳುಗಳು ಅದನ್ನೇ ಕೆರೆದು ತಿನ್ನುತ್ತವೆ. ಬಾಗಲಕೋಟೆ ಕಡೆಯ ಸುಣ್ಣಕಲ್ಲಿನ ತುಂಡೂ ಆದೀತು. ಚೆಂದ ಕಾಣಲೆಂದು ಇಡುವ ಜಂಬಿಟ್ಟಿಗೆಯಿಂದ ಮಾತ್ರ ಕ್ಯಾಲ್ಸಿಯಂ ಸಿಗದು.

ತಪ್ಪು ಕಲ್ಪನೆ 6: ಬಸವನಹುಳು ತೊಟ್ಟಿ ಸ್ವಚ್ಛ ಮಾಡುತ್ತದೆ, ಫಿಲ್ಟರ್ ಬೇಡ.

ಸತ್ಯ: ಅದು ಪಾಚಿ ತಿನ್ನುತ್ತದೆ ನಿಜ, ಜೊತೆಗೆ ಹಿಕ್ಕೆಯನ್ನೂ ಹಾಕುತ್ತದೆ. ಅದರಿಂದ ಅಮೋನಿಯಾ ಹುಟ್ಟುತ್ತದೆ. ಅಮೋನಿಯಾವನ್ನು ನೈಟ್ರೈಟ್ ಆಗಿ, ನೈಟ್ರೈಟನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಹೊಸ ತೊಟ್ಟಿಯಲ್ಲಿ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಆ ದಿನಗಳಲ್ಲಿ ಖಾಲಿ ತೊಟ್ಟಿಗೆ ಚಿಟಿಕೆ ಮೀನಿನ ಆಹಾರ ಹಾಕುತ್ತ ಫಿಲ್ಟರ್ ಓಡಿಸಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದ ಮೇಲೆ ಹುಳು ಬಿಡಿ. ಆಮೇಲೆ ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ. ಮಿಸ್ಟರಿ ಬಸವನಹುಳು ಉಸಿರಾಟದ ಕೊಳವೆಯನ್ನು ಮೇಲೆತ್ತಿ ಗಾಳಿಯನ್ನೂ ಉಸಿರಾಡುತ್ತದೆ, ನೀರಿನ ಮೇಲೆ ಬಂದು ಮೊಟ್ಟೆಯಿಡುತ್ತದೆ. ಮೇಲೆ ನಾಲ್ಕು ಬೆರಳು ಜಾಗ ಬಿಟ್ಟು ಮುಚ್ಚಳ ಹಾಕಿ.

ತಪ್ಪು ಕಲ್ಪನೆ 7: ಗದ್ದೆಯಿಂದ ಹುಳು ತರಬಹುದು, ಬೇಡವಾದಾಗ ಹಳ್ಳಕ್ಕೆ ಬಿಡಬಹುದು.

ಸತ್ಯ: ಎರಡೂ ಸಲ್ಲ. ಗದ್ದೆ, ಹೊಂಡಗಳ ಕೆಲವು ಬಸವನಹುಳುಗಳು ದನಕರುಗಳ ಯಕೃತ್ತಿಗೆ ಹತ್ತುವ ಜಂತುವಿನಂಥ ಪರೋಪಜೀವಿಗಳನ್ನು ಹೊತ್ತಿರುತ್ತವೆ. ಇನ್ನು ಅಂಗಡಿಯ ಮಿಸ್ಟರಿ ಬಸವನಹುಳುವಿನ ಮೂಲ ದಕ್ಷಿಣ ಅಮೆರಿಕ. ಅದರ ಹತ್ತಿರದ ಸಂಬಂಧಿಯೊಂದನ್ನು 1980ರ ಸುಮಾರಿಗೆ ಆಹಾರಕ್ಕೆಂದು ತೈವಾನಿಗೆ ತಂದರು. ಅದು ತಪ್ಪಿಸಿಕೊಂಡು ಪೂರ್ವ ಮತ್ತು ಆಗ್ನೇಯ ಏಷ್ಯಾದ ಭತ್ತದ ಸಸಿಗಳನ್ನು ಮೇಯುವ ದೊಡ್ಡ ಪೀಡೆಯಾಯಿತು. ಖಾನಾಪುರವೂ ಭತ್ತದ ನಾಡು. ನಮ್ಮ ಸಹ್ಯಾದ್ರಿಯ ಜಲಪಾತಗಳ ಒದ್ದೆ ಬಂಡೆಗಳ ಮೇಲೆ ಕ್ರೆಮ್ನೊಕಾಂಕಸ್ ಎಂಬ ಪುಟ್ಟ ಬಸವನಹುಳುಗಳಿವೆ, ಜಗತ್ತಿನಲ್ಲಿ ಬೇರೆಲ್ಲೂ ಅವಿಲ್ಲ. ಅಂಥ ನೆಲಕ್ಕೆ ಹೊರಗಿನ ಹುಳುವನ್ನು ಬಿಡುವುದು ನಮಗೆ ತಕ್ಕುದಲ್ಲ.

ನೀರಿನ ಗುಣವನ್ನು ನಮ್ಮ ನಾಲಿಗೆಯಿಂದ ಅಳೆಯದೆ, ಅದರಲ್ಲಿ ಬದುಕುವ ಜೀವಿಯ ಅಗತ್ಯದಿಂದ ಅಳೆಯಿರಿ. ಹುಳು ತರುವ ಮೊದಲೇ ನೀರು ಪರೀಕ್ಷಿಸಿ. ಸಾಕಲಾಗದಿದ್ದರೆ ಅಂಗಡಿಗೆ ಮರಳಿಸಿ ಅಥವಾ ಸಾಕುವ ಇನ್ನೊಬ್ಬರಿಗೆ ಕೊಡಿ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಖಾನಾಪುರ ದಾಟಿ ಕೂಡಲಸಂಗಮದವರೆಗೆ ಹರಿಯುತ್ತಾಳೆ. ಅವಳ ನೀರಿಗೆ ಒಮ್ಮೆ ಬಿಟ್ಟ ಹುಳುವನ್ನು ಯಾರೂ ಹಿಂದಕ್ಕೆ ತರಲಾರರು.